ಬಕುಳಕ್ಕೆ ನೀರು ನಿಲ್ಲಿಸಿದ ಬೇಸಿಗೆ

ನನ್ನ ಮದುವೆಯ ದಿನ ಬೆವರಿದಷ್ಟು ನಾನು ಜನ್ಮದಲ್ಲಿ ಬೆವರಿಲ್ಲ. ಹೆಣ್ಣಿನ ಮನೆಯ ಮುಂದೆ ದೊಡ್ಡದೊಂದು ಬಕುಳದ ಮರ. ಎಲೆಯ ಮೇಲೆ ಎಲೆ, ಸೂಜಿ ತೂರಿಸಲೂ ಸಂದಿಲ್ಲ. ಅದರ ಕೆಳಗೆ ಕುರ್ಚಿ ಹಾಕಿ ನನ್ನನ್ನು ಕೂರಿಸಿದ್ದರು. ತಲೆಗೆ ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ. ಅಷ್ಟು ದಟ್ಟ ಮರದ ಕೆಳಗಿದ್ದರೂ ಬಿಸಿಲು ನೇರ ನನ್ನ ನೆತ್ತಿಗೇ ಬೀಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮಾವನವರು ಮಾತ್ರ ತಣ್ಣಗಿದ್ದರು. ಅವರ ಮೇಲೆ ನೆರಳಿತ್ತು. ನಮ್ಮ ಕಾಲ ಬಳಿ ಮಲಗಿದ್ದ ಕಂದು ನಾಯಿಯ ಮೇಲೂ ನೆರಳಿತ್ತು. ನಾನು ಒಮ್ಮೆ ಎಲೆ ನೋಡುವುದು, ಒಮ್ಮೆ ಮಾವನನ್ನು ನೋಡುವುದು, ಒಮ್ಮೆ ನಾಯಿ ನೋಡುವುದು ಮಾಡುತ್ತಿದ್ದೆ. ಕೊನೆಗೆ ಎದುರು ಮನೆಯ ಮಂಚೇಗೌಡರಿಗೆ ಕನಿಕರ ಬಂತು. "ಯಾರ್ರಪ್ಪಾ ಅಲ್ಲಿ, ಗಂಡಿಗೆ ಇನ್ನೂ ಒಂದು ಚೆಂಬು ಕೊಟ್ಟಿಲ್ವಾ? ತಾಳಿ ಕಟ್ಟೋ ಹೊತ್ಗೆ ಸುಟ್ಟೋಯ್ತಾನೆ!" ಎಂದು ಕೂಗಿದರು. ಯಾರೋ ಓಡಿಬಂದು ತಾಮ್ರದ ಚೆಂಬಿನಲ್ಲಿ ನೀರು ಕೊಟ್ಟರು. ನಾನು ಗಟಗಟ ಕುಡಿದುಬಿಟ್ಟೆ. ಮದುವೆ ಮನೆಗೆ ಮನೆಯೇ ನಕ್ಕಿತು. ಅದು ಮರಕ್ಕೆ ಹಾಕುವ ನೀರಾಗಿತ್ತು.

ಆ ಊರಿನ ಮರಗಳು ತಮಗೆ ನೀರು ಹಾಕಿದವರಿಗೆ ಮಾತ್ರ ನೆರಳು ಕೊಡುತ್ತಿದ್ದವು. ಹಾಕಿದ್ದಕ್ಕೆ ತಕ್ಕಷ್ಟು. ದಾರಿಹೋಕ ಒಂದು ಚೆಂಬು ಹಾಕಿದರೆ ಅವನಿಗೆ ಅವತ್ತಿನ ಮಟ್ಟಿಗೆ ಹಳೆ ಪಂಚೆಯಷ್ಟು ತೆಳ್ಳಗಿನ ನೆರಳು. ವರ್ಷಗಟ್ಟಲೆ ದಿನಾ ಹಾಕಿದವರಿಗೆ ಕಂಬಳಿಯಂಥದ್ದು. ಆದರೆ ನಿಲ್ಲಿಸಿದರೋ, ಹದಿನೈದು ದಿನದೊಳಗೆ ಎಲ್ಲ ಹೋಯಿತು. ಜೀವಮಾನವೆಲ್ಲ ಹಾಕಿದವರಿಗೂ ಅದೇ, ನಿನ್ನೆ ಶುರು ಮಾಡಿದವರಿಗೂ ಅದೇ. ನಾಯಿಗಳ ಲೆಕ್ಕ ಹೇಗೆ ಎಂದು ನನ್ನ ಹೆಂಡತಿ ಪುಟ್ಟಗೌರಿಯನ್ನು ಕೇಳಿದೆ. "ಅವು ತಮ್ಮ ಪಾಲಿಂದು ತಾವೇ ಕಾಲೆತ್ತಿ ಸಲ್ಲಿಸ್ತವಲ್ಲಾ, ನೋಡಿಲ್ವಾ?" ಎಂದಳು.

ಎಲೆ ಉದುರಿಸುವ ಮರವನ್ನು ಆ ಊರಲ್ಲಿ ಯಾರೂ ನೆಡುತ್ತಿರಲಿಲ್ಲ. ವರ್ಷವೆಲ್ಲ ನೀರು ಹೊತ್ತು ಹಾಕಿ, ಬೇಸಿಗೆಯಲ್ಲಿ ಬೋಳು ಕೊಂಬೆ ನೋಡುವ ಹಣೆಬರಹ ಯಾರಿಗೆ ಬೇಕು? ಹಾಗಾಗಿ ಪ್ರತಿ ಮನೆಯ ಮುಂದೂ ಸಂಪಿಗೆಯೋ, ಅಶೋಕವೋ, ಬಕುಳವೋ ಹನ್ನೆರಡು ತಿಂಗಳೂ ಹಸಿರಾಗಿ ನಿಂತಿರುತ್ತಿತ್ತು. ಪ್ರತಿ ಜಗಲಿಯ ಮೇಲೂ ಒಂದು ತುಂಬಿದ ಕೊಳಗ, ಒಂದು ಚೆಂಬು. ನೆಂಟರು ಬಂದರೆ ಬೇರೆ ಊರಲ್ಲಿ ಕೈಕಾಲಿಗೆ ನೀರು ಕೊಡುತ್ತಾರೆ, ಇಲ್ಲಿ ಮರಕ್ಕೆ ಹಾಕಲು ಕೊಡುತ್ತಿದ್ದರು. ಮದುವೆಯಾಗಿ ಹೋದ ಹೆಣ್ಣುಮಗಳು ತವರಿಗೆ ಬಂದಳೆಂದರೆ ಮೊದಲು ಮರ, ಆಮೇಲೆ ತಾಯಿ. ಅಂಚೆಯ ಹೈದರಣ್ಣ ಬೀದಿಯುದ್ದಕ್ಕೂ ಒಂದೊಂದು ಮರಕ್ಕೆ ಒಂದೊಂದು ಗುಟುಕು ಹಾಕಿಕೊಂಡು ಬರುತ್ತಿದ್ದ. ಊರಿನ ಎಲ್ಲ ಮರಗಳಲ್ಲೂ ಅವನಿಗೆ ಅಂಗೈಯಗಲದ ನೆರಳಿತ್ತು, ಅದು ಸರಿಯಾಗಿ ಅವನ ಬೊಕ್ಕತಲೆಯ ಮೇಲೇ ಬೀಳುತ್ತಿತ್ತು. ಬಂದವರಿಗೆ ಚೆಂಬು ಕೊಡದಿರುವುದು ಆ ಊರಲ್ಲಿ ಮುಖಕ್ಕೆ ಉಗಿದದ್ದಕ್ಕಿಂತ ಹೆಚ್ಚು.

ಇಷ್ಟೇ ಆಗಿದ್ದರೆ ನಾನು ಇದೊಂದು ತಮಾಷೆ ಎಂದುಕೊಂಡು ಇದ್ದುಬಿಡುತ್ತಿದ್ದೆ. ಆದರೆ ಅಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣಿಗೆ ಒಯ್ಯುವ ಮೊದಲು ಅವರನ್ನು ಅವರ ಮನೆಯ ಮರದ ಕೆಳಗೆ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಬಂದವರೆಲ್ಲ ಒಬ್ಬೊಬ್ಬರಾಗಿ ಬುಡಕ್ಕೆ ನೀರು ಹಾಕಿ, ಸಿಕ್ಕಷ್ಟು ನೆರಳಲ್ಲಿ ಸತ್ತವರ ಜೊತೆ ಕೊಂಚ ಹೊತ್ತು ನಿಲ್ಲುತ್ತಿದ್ದರು. ಸತ್ತವರ ಮೇಲೆ ನೆರಳು ತುಂಬಿದ್ದರೆ ತುಂಬಿದ ಬಾಳು ಎನ್ನುತ್ತಿದ್ದರು. ಮುಖಕ್ಕೆ ಬಿಸಿಲು ಬಿದ್ದರೆ ಯಾರೂ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಮರೆಯುತ್ತಲೂ ಇರಲಿಲ್ಲ. 'ಅವರಜ್ಜ ಬಿಸಿಲಲ್ಲಿ ಕೂತೋದವನು' ಎಂಬ ಮಾತು ಮೊಮ್ಮಕ್ಕಳ ಕಾಲದವರೆಗೂ ಬರುತ್ತಿತ್ತು.

ಮಾವನವರ ಹೆಸರು ಬೋರಲಿಂಗಯ್ಯ. ಗೌರಿ ಒಬ್ಬಳೇ ಮಗಳಾದ್ದರಿಂದ ನಾನು ಮನೆಅಳಿಯನಾಗಿ ಹೋದೆ. ಊರವರು ನನ್ನನ್ನು ಅಳಿಮಯ್ಯ ಎನ್ನುತ್ತಿದ್ದರು, ನನ್ನ ಹೆಸರು ಏನೆಂದು ಕೇಳಿದವರು ಕಡಿಮೆ. ಮಾವ ಆ ಬಕುಳವನ್ನು ಬೀಜದಿಂದ ಎಬ್ಬಿಸಿದವರು. ಬಕುಳ ಬೆಳೆಯುವುದು ನಿಧಾನ. ಮೊಣಕಾಲೆತ್ತರ ಆಗುವುದರೊಳಗೆ ಮನುಷ್ಯನಿಗೆ ಬೇಸರ ಬರುತ್ತದೆ. ದನ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದ್ದು, ಕೆಳಗಿನ ಕವಲುಗಳನ್ನು ಎಳೆಯದರಲ್ಲೇ ಸವರಿ ಕಾಂಡವನ್ನು ಮೇಲಕ್ಕೆ ಓಡಿಸಿದ್ದು, ಮಳೆ ಮುಗಿದ ಮೇಲೆ ಏಣಿ ಹತ್ತಿ ತಲೆಯನ್ನು ಸುತ್ತಲೂ ಕತ್ತರಿಸಿ ಗುಂಡಗೆ ಮಾಡಿದ್ದು, ಎಲ್ಲವನ್ನೂ ಅವರು ಮೊದಲ ವಾರದಲ್ಲೇ ನನಗೆ ಹೇಳಿ ಮುಗಿಸಿದರು. ಎರಡನೇ ವಾರ ಮತ್ತೆ ಮೊದಲಿಂದ ಹೇಳಿದರು. ಬೆಳಗಿನ ಹೊತ್ತು ನೆಲದ ಮೇಲೆ ಉದುರಿದ ಸಣ್ಣ ಹೂಗಳನ್ನು ಗೌರಿ ಆಯ್ದು ಪೋಣಿಸುತ್ತಿದ್ದಳು. ಒಣಗಿದ ಮೇಲೂ ಆ ಹೂವಿನ ವಾಸನೆ ಹೋಗುವುದಿಲ್ಲ, ಹಾಗಾಗಿ ನಮ್ಮ ಮನೆಯ ಹಾಸಿಗೆ, ಬಟ್ಟೆ, ಕೊನೆಗೆ ಅಕ್ಕಿಯ ಡಬ್ಬಕ್ಕೂ ಅದೇ ವಾಸನೆ. ಊರಲ್ಲಿ ಮಾವನಷ್ಟು ದಪ್ಪ ನೆರಳು ಇನ್ನೊಬ್ಬರಿಗಿರಲಿಲ್ಲ. ಅದರ ಕೆಳಗೆ ಅವರು ಮಧ್ಯಾಹ್ನ ಕೂತರೆ ಮುಖ ಸರಿಯಾಗಿ ಕಾಣದು.

ನನಗೆ ಗೊತ್ತಿದ್ದ ಕಸುಬು ಸೈಕಲ್ ರಿಪೇರಿ. ಮರದ ಕೆಳಗೇ ಅಂಗಡಿ ಹಾಕಿಕೊಂಡೆ. ಪಂಕ್ಚರ್ ಹಾಕಿಸಲು ಬಂದವರು ಕಾಯಬೇಕಲ್ಲ, ಕಾಯುವುದಕ್ಕೆ ನೆರಳು ಬೇಕಲ್ಲ, ಬಂದವರೆಲ್ಲ ಒಂದೊಂದು ಚೆಂಬು ಹಾಕಿ ಕೂರುತ್ತಿದ್ದರು. ಚೈನು ಬಿಗಿ ಮಾಡಿಸುವವನೂ ಒಂದು ಚೆಂಬು, ಗಾಳಿ ಹೊಡೆಸುವವನೂ ಒಂದು ಚೆಂಬು. ಕೆಲಸವಿಲ್ಲದೆ ಹರಟೆಗೆ ಬಂದವರು ನೆರಳು ತೆಳುವಾದ ಹಾಗೆ ಎದ್ದು ಇನ್ನೊಂದು ಹಾಕುತ್ತಿದ್ದರು. ಮಾವನಿಗೆ ಇದೆಲ್ಲ ಬಲು ಹೆಮ್ಮೆ. "ನೋಡಿ ಅಳಿಮಯ್ಯ, ಊರೇ ನಮ್ಮ ಮರದ ಕೆಳಗೆ ಕೂತದೆ" ಎನ್ನುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಬಕುಳದ ಎಲೆ ಹಳದಿಯಾಗತೊಡಗಿತು. ಮೊದಲು ತುದಿಯಲ್ಲಿ, ಆಮೇಲೆ ಒಳಗೊಳಗೆ. ಎಂದೂ ಎಲೆ ಸುರಿಸದ ಮರ ರಾಶಿ ರಾಶಿ ಸುರಿಸಿತು. ಊರಿಗೆಲ್ಲ ಒಂದೇ ತೀರ್ಮಾನ: ನೀರು ಸಾಲದು. ಮಂಚೇಗೌಡರು ತಮ್ಮ ಮನೆಯಿಂದಲೇ ಬಿಂದಿಗೆ ತಂದು ಹಾಕಿದರು. ಹೈದರಣ್ಣ ಗುಟುಕಿನ ಬದಲು ಪೂರ್ತಿ ಚೆಂಬಿಗೆ ಬಂದ. ನಮ್ಮತ್ತೆ ಸಣ್ಣಮ್ಮನವರು ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಏನೂ ಬಿಡಲಿಲ್ಲ. ಹಾಕಿದಷ್ಟೂ ನಮ್ಮೆಲ್ಲರ ನೆರಳು ದಪ್ಪವಾಗುತ್ತಿತ್ತು, ಹಾಗಾಗಿ ಮರ ಸುಧಾರಿಸುತ್ತಿದೆ ಎಂದೇ ನಂಬಿದೆವು. ಎಲೆ ಮಾತ್ರ ಇನ್ನೂ ಉದುರುತ್ತಿತ್ತು. ಆ ಊರಲ್ಲಿ ಆಗೊಂದು ಈಗೊಂದು ಮರ ಹೀಗೆ ಸತ್ತಿದ್ದುಂಟು. 'ಮುನಿಸಿಕೊಂಡು ಹೋಯಿತು' ಎನ್ನುತ್ತಿದ್ದರು, ಇನ್ನೊಂದು ಸಸಿ ನೆಟ್ಟು ಅದಕ್ಕೆ ಮೊದಲಿನದಕ್ಕಿಂತ ಹೆಚ್ಚು ನೀರು ಹಾಕುತ್ತಿದ್ದರು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೌರಿ ಹೂ ಆಯಲು ಹೋದವಳು ಬರಿಗೈಯಲ್ಲಿ ಬಂದಳು. ಹಿತ್ತಲಿಗೆ ಹೋಗಿ ಹಾರೆ ತಂದಳು. "ಏನೇ ಅದು?" ಎಂದೆ. "ಮಣ್ಣು ಮೂಸಿ ನೋಡಿ ಬನ್ನಿ" ಎಂದಳು. ಮೂಸಿದೆ. ಬಚ್ಚಲ ಮೋರಿಯ ವಾಸನೆ. ಅವಳು ಬುಡದಿಂದ ಮಾರು ದೂರದಲ್ಲಿ ಅಗೆಯುತ್ತ ಹೋದಳು. ಮಣ್ಣು ಕಪ್ಪಗೆ, ತೊಪ್ಪೆ ತೊಪ್ಪೆಯಾಗಿ ಬಂತು. ಗುಂಡಿಯಲ್ಲಿ ನೀರು ತಾನಾಗಿ ಜಿನುಗಿ ನಿಂತಿತು. ಒಂದು ಬೇರನ್ನು ಹಿಡಿದೆಳೆದಳು, ಅದರ ಸಿಪ್ಪೆ ಬೆಂದ ಗೆಣಸಿನ ಸಿಪ್ಪೆಯಂತೆ ಕೈಗೆ ಬಂತು. ಅದನ್ನು ತಂದು ಜಗಲಿಯ ಮೇಲೆ ಕೂತಿದ್ದ ಅಪ್ಪನ ಮುಂದಿಟ್ಟಳು.

"ಅಪ್ಪಾ, ಮರ ಮುನಿಸ್ಕೊಂಡಿಲ್ಲ ಕಣಪ್ಪಾ. ಮುಳುಗೋಗದೆ. ನಾವೇ ಮುಳುಗಿಸಿದೀವಿ."

ಮಾವ ಬೇರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ನೀರು ಹಾಕಿ ಮರ ಸಾಯೋದಾ? ಎಲ್ಲಾರ ಕೇಳಿದೀಯವ್ವಾ ಇಂಥ ಮಾತ?"

"ಕೇಳಿಲ್ಲ. ಈಗ ಕಣ್ಣಾರ ನೋಡ್ತಾ ಇವ್ನಿ. ಮಳೆ ಬರೋಗಂಟ ಯಾರೂ ತೊಟ್ಟು ನೀರು ಹಾಕ್ಬಾರ್ದು. ಮಣ್ಣು ಕೆದಕಿ ಒಣಗಿಸ್ಬೇಕು. ನಿಂತಿರೋ ನೀರು ಹರಿಯಕ್ಕೆ ಕಾಲುವೆ ತೋಡ್ಬೇಕು."

"ಮಳೆ ಬರೋಗಂಟ" ಎಂದು ಮಾವ ಮೆಲ್ಲಗೆ ಅಂದರು. ಅವರಿಗೆ ಉಬ್ಬಸ. ಎರಡು ವರ್ಷದಿಂದ ಜಗಲಿಯಿಂದ ಮರದವರೆಗೆ ನಡೆಯುವಷ್ಟರಲ್ಲಿ ಒಮ್ಮೆ ನಿಂತು ಸುಧಾರಿಸಿಕೊಳ್ಳುತ್ತಿದ್ದರು. "ನಾನು ಆ ಮರದ ಕೆಳಗೆ ಕೂರೋ ಕಾಲ ಹತ್ತಿರ ಬಂತು ಗೌರಿ. ಮಳೆಗಾಲ ನೋಡ್ತೀನೋ ಇಲ್ವೋ. ಬಿಸಿಲಲ್ಲಿ ಕೂರಿಸ್ತೀಯಾ ನಿಮ್ಮಪ್ಪನ್ನ?"

ಗೌರಿಯ ಕಣ್ಣಲ್ಲಿ ನೀರು ಬಂತು, ಆದರೆ ಅವಳು ತನ್ನ ಮಾತು ಬಿಡಲಿಲ್ಲ. "ಮರನೇ ಇಲ್ದಿದ್ರೆ ನೆರಳು ಎಲ್ಲಿಂದ ಬತ್ತದಪ್ಪಾ? ನೀನು ಎಬ್ಬಿಸಿದ ಮರ. ಸಾಯ್ಲಿ ಅಂತೀಯಾ, ಬದುಕ್ಲಿ ಅಂತೀಯಾ? ನೀನೇ ಹೇಳು, ನಾನು ಹಂಗೇ ಮಾಡ್ತೀನಿ."

ಮಾವ ಎದ್ದು, ಒಮ್ಮೆ ನಿಂತು ಸುಧಾರಿಸಿಕೊಂಡು, ಮರದ ಬಳಿ ಹೋದರು. ಕಾಂಡದ ಮೇಲೆ ಕೈಯಿಟ್ಟು, "ಹಾಕಲ್ಲ ಬುಡು" ಎಂದರು. ಮರಕ್ಕೆ ಹೇಳಿದರೋ ಮಗಳಿಗೆ ಹೇಳಿದರೋ ತಿಳಿಯಲಿಲ್ಲ. ಅತ್ತೆ ಒಳಗಿಂದ ಬಂದು ಜಗಲಿಯ ಕೊಳಗವನ್ನು ಖಾಲಿ ಮಾಡಿ ಚೆಂಬನ್ನು ಬೋರಲು ಹಾಕಿದರು. ಚೆಂಬು ಬೋರಲು ಹಾಕಿದ ಮನೆಯನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

ಮೊದಲು ಬಂದವರು ಮಂಚೇಗೌಡರೇ. ಸೈಕಲ್ಲಿನ ಬ್ರೇಕು ತೋರಿಸಲು ಬಂದು, ರೂಢಿಯಂತೆ ಚೆಂಬಿಗೆ ಕೈ ಹಾಕಿದರು. ನಾನು "ಬೇಡಿ ಗೌಡರೇ, ಮರಕ್ಕೆ ಹುಷಾರಿಲ್ಲ" ಎಂದೆ. ಅವರು ಬೋರಲು ಚೆಂಬು ನೋಡಿದರು, ನನ್ನನ್ನು ನೋಡಿದರು. "ಬೋರಣ್ಣ ಹೇಳಿದ್ನಾ ಇದ?" ಎಂದರು. ಮಾವ ಜಗಲಿಯಿಂದಲೇ, "ನಾನೇ ಹೇಳಿದ್ದು ಮಂಚಣ್ಣಾ, ಬೇಜಾರ್ ಮಾಡ್ಕೋಬೇಡ" ಎಂದರು. ಬೇಜಾರು ಮಾಡಿಕೊಳ್ಳಬೇಡ ಅಂದರೆ ಯಾರು ಬಿಡುತ್ತಾರೆ? ಬ್ರೇಕು ಸರಿಯಿಲ್ಲದ ಸೈಕಲ್ಲನ್ನು ಹಾಗೇ ತಳ್ಳಿಕೊಂಡು ಹೋದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನೀರು ಹಾಕಿದರೆ ಮರ ಸಾಯುತ್ತದಂತೆ, ಅನ್ನ ತಿಂದರೆ ಮನುಷ್ಯ ಸಾಯುತ್ತಾನೇನೋ ಎಂದು ಊರ ಮುಂದಿನ ಕಟ್ಟೆಯಲ್ಲಿ ನಗು. ಮನೆಅಳಿಯ ಕಿವಿ ಊದಿದ ಎಂದು ಕೆಲವರು, ಮಗಳು ಊದಿದಳು ಎಂದು ಕೆಲವರು. ನನಗಂತೂ ಎರಡೂ ಒಂದೇ, ಅಳಿಯ ಅಲ್ಲ ಮಗಳ ಗಂಡ. ಅಂಗಡಿಗೆ ಬರುವವರು ನಿಂತೇ ಹೋದರು.

ನೆರಳು ಹೋಗುವುದನ್ನು ಆ ಹದಿನೈದು ದಿನ ನಾವು ನೋಡುತ್ತಲೇ ಇದ್ದೆವು. ನನ್ನದು ಬೇಗ ಹೋಯಿತು, ದುಃಖವೂ ಆಗಲಿಲ್ಲ, ನಾನು ಬೇರೆ ಊರಿನವ. ಗೌರಿಯದು ಹುಟ್ಟಿದಂದಿನಿಂದ ಇದ್ದದ್ದು. ಒಂದು ದಿನ ಅವಳು ಮರದ ಕೆಳಗೆ ನಿಂತು ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಬಿಸಿಲಲ್ಲಿ ತನ್ನ ಕೈ ಇಷ್ಟು ಕಪ್ಪೆಂದು ಗೊತ್ತೇ ಇರಲಿಲ್ಲ ಎಂದಳು. ನಮ್ಮತ್ತೆ ನನ್ನ ಜೊತೆ ನೇರವಾಗಿ ಮಾತಾಡುವವರಲ್ಲ, ಅಳಿಯನ ಎದುರು ಮಾತಾಡುವುದು ಅವರ ಕಾಲದಲ್ಲಿ ಇರಲಿಲ್ಲ. ಏನು ಹೇಳುವುದಿದ್ದರೂ ಬಾಗಿಲಿಗೆ ಹೇಳುತ್ತಿದ್ದರು. "ಬಿಸಿಲಲ್ಲಿ ಕೆಲಸ ಮಾಡೋರು ತಲೆ ಮೇಲೆ ಒದ್ದೆ ಬಟ್ಟೆ ಹಾಕ್ಕೊಂಡ್ರೆ ಗಂಟೇನು ಹೋಗಲ್ಲ" ಎಂದು ಬಾಗಿಲಿಗೆ ಹೇಳಿದರು. ನಾನು ಹಾಕಿಕೊಂಡೆ.

ಮಣ್ಣು ಕೆದಕಿ ಬಿಡಿಸಿದೆವು. ಕೊಳೆತ ಬೇರುಗಳನ್ನು ಗೌರಿ ಚೂಪು ಕತ್ತಿಯಿಂದ ಕತ್ತರಿಸಿ, ಗಾಯಕ್ಕೆ ಒಲೆಯ ಬೂದಿ ಬಳಿದಳು. ನಾನು ಬೀದಿಯ ಮೋರಿಯವರೆಗೆ ಸಣ್ಣ ಕಾಲುವೆ ತೋಡಿದೆ. ಹಳ್ಳದ ಮರಳು ತಂದು ಬೆರೆಸಿದೆವು. ಒಣಗಿದ ರೆಂಬೆಗಳನ್ನು ಸವರಿದ ಮೇಲೆ ಮರದ ತಲೆ ಅಲ್ಲಲ್ಲಿ ಬೋಳಾಗಿ ಆಕಾಶ ಕಾಣಿಸಿತು. ಇಷ್ಟು ಮಾಡಿದ ಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ನೀರು ಹಾಕಿ ಸಾಕುವುದು ಸುಲಭ, ಕೈಕಟ್ಟಿ ಕೂತು ಸಾಕುವುದು ಮಹಾ ಕಷ್ಟ. ಗೌರಿಗೆ ಅನುಮಾನ ಬರುತ್ತಿತ್ತು. ಇನ್ನೂ ಎಲೆ ಬೀಳುತ್ತಿದೆಯಲ್ಲ, ನಾನು ತಪ್ಪು ತಿಳಿದೆನೇನೋ, ಮರವೂ ಹೋಯಿತು ಅಪ್ಪನ ನೆರಳೂ ಹೋಯಿತು ಎಂದಾದರೆ ಯಾವ ಮುಖ ಇಟ್ಟುಕೊಂಡು ಬದುಕಲಿ ಎಂದು ನನ್ನ ಮುಂದೆ ಅಳುತ್ತಿದ್ದಳು.

ಯುಗಾದಿ ಕಳೆದು ಬಿಸಿಲು ಬಲವಾದ ಒಂದು ಮಧ್ಯಾಹ್ನ. ಮನೆಯವರೆಲ್ಲ ಊಟ ಮುಗಿಸಿ ಒಳಗೆ ಒರಗಿದ್ದರು. ನೀರು ನಿಲ್ಲಿಸಿದಂದಿನಿಂದ ಬಿಸಿಲಿಳಿದ ಮೇಲಷ್ಟೇ ಮರದ ಕೆಳಗೆ ಬರುತ್ತಿದ್ದ ಮಾವ ಅವತ್ತು ಅಲ್ಲಿನ ಕಲ್ಲಿನ ಮೇಲೆ ಕೂತಿದ್ದರು. ನಾನು ಒಂದು ಟ್ಯೂಬು ಉಜ್ಜುತ್ತಿದ್ದವನು ತಲೆಯೆತ್ತಿ ನೋಡಿದೆ. ಮಾವನ ಮುಖ ಸರಿಯಾಗಿ ಕಾಣಲಿಲ್ಲ. ಕಣ್ಣಿಗೆ ಬೆವರು ಹೋಗಿರಬೇಕೆಂದು ಒರೆಸಿಕೊಂಡು ನೋಡಿದೆ. ಎಳ್ಳಷ್ಟೂ ಕಡಿಮೆಯಾಗದ ಹಾಗೆ, ನೆತ್ತಿಯಿಂದ ಪಾದದವರೆಗೆ, ಅವರ ಮೇಲೆ ನೆರಳಿತ್ತು. ಎಲೆ ಕಡಿಮೆಯಾಗಿದ್ದ ಮರ ಅದನ್ನು ಎಲ್ಲಿಂದ ಹೊಂದಿಸಿ ಕೊಟ್ಟಿತೋ!

ನಾನು ನೋಡಿಬಿಟ್ಟೆ ಎಂದು ಅವರಿಗೂ ತಿಳಿಯಿತು. ಅವರೇ, "ವಲ್ಲಿ" ಎಂದರು.

"ಏನು ಮಾವ?"

"ಸ್ನಾನ ಮಾಡಿ ಮೈ ಒರಸ್ಕೊಂಡು ವಲ್ಲಿ ಇಲ್ಲಿ ತಂದು ಹಿಂಡ್ತೀನಲ್ಲಾ, ಒಣಹಾಕಕ್ಕೆ. ಅದೇ. ಮೊದಲ ದಿನ ಮರೆತು ಹಿಂಡಿದೆ, ದೇವರಾಣೆ. ಎರಡನೇ ದಿನ ಮರೆತಿರಲಿಲ್ಲ." ಅವರು ಉಸಿರು ತೆಗೆದುಕೊಂಡರು. "ದಿನಾ ಎಲ್ಲರ ಎದುರ್ಗೇ ಹಿಂಡ್ತೀನಿ ಅಳಿಮಯ್ಯ. ಯಾರಿಗೂ ಅದು ನೀರು ಅಂತ ಅನ್ನಿಸಲೇ ಇಲ್ಲ. ವಲ್ಲಿಯಷ್ಟು ನೀರಿಗೆ ಮರ ಸಾಯ್ತದಾ ಹೇಳಿ?"

ಸಾಯುವುದಿಲ್ಲ ಎಂದು ನನಗೂ ಅನ್ನಿಸಿತು. ಆದರೆ ವಲ್ಲಿಯಷ್ಟು ನೀರಿಗೆ ಕಂಬಳಿಯಷ್ಟು ನೆರಳು ಹೇಗೆ ಉಳಿಯಿತು ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಮರಕ್ಕೆ ಅವರ ಮೇಲೆ ಪಕ್ಷಪಾತವಿತ್ತೆಂದು ಕಾಣುತ್ತದೆ.

"ಗೌರಿಗೆ ಹೇಳಬೇಡಿ" ಎಂದರು. ಆ ದನಿ ಕೇಳಿ ನನಗೆ ಸಂಕಟವಾಯಿತು. ಊರೇ ತಗ್ಗಿ ನಡೆಯುವ ಮನುಷ್ಯ ನನ್ನಂಥ ಪಂಕ್ಚರ್ ಅಂಗಡಿಯವನನ್ನು ಬೇಡುತ್ತಿದ್ದರು. "ಅವಳ ಎದುರು ಮರ ಮುಟ್ಟಿ ಹೇಳ್ಬಿಟ್ಟಿದೀನಿ. ಬಿಸಿಲಲ್ಲಿ ಕೂತು ಹೋಗಕ್ಕೆ ನಂಗೆ ಧೈರ್ಯ ಇಲ್ಲ ಅಳಿಮಯ್ಯ. ಇದೆ ಅಂದ್ಕೊಂಡಿದ್ದೆ. ಇಲ್ಲ."

ಹೇಳುವುದಿಲ್ಲ ಎಂದೆ. ಅವತ್ತಿನಿಂದ ಮಾವ ಮರದ ಕೆಳಗೆ ಕೂರುವುದನ್ನು ಬಿಟ್ಟರು. ನಮ್ಮ ಮನೆಯಲ್ಲಿ ಆ ಬೇಸಿಗೆ ನೆರಳು ಇದ್ದವರೇ ಕಳ್ಳರು, ಬಿಸಿಲಲ್ಲಿ ಬೇಯುವವರೇ ಸಾಚಾ. ಬೆಳಿಗ್ಗೆ ಬಿಸಿಲು ಏರುವ ಮೊದಲೇ ಹೋಗಿ ವಲ್ಲಿ ಹಿಂಡಿ ಬಂದು ನಡುಮನೆಯಲ್ಲಿ ಗೋಡೆಗೊರಗಿ ಕೂತುಬಿಡುತ್ತಿದ್ದರು. ಅಷ್ಟು ದೊಡ್ಡ ನೆರಳನ್ನು ಇಟ್ಟುಕೊಂಡು ಸಂಜೆಯವರೆಗೆ ಹೆಂಚಿನ ಕೆಳಗೆ ಬೆವರುತ್ತಿದ್ದರು. ಹೊರಗೆ ಗಾಳಿಗೆ ಬನ್ನಿ ಎಂದರೆ ಬೇಡ ಎನ್ನುತ್ತಿದ್ದರು.

ಗೌರಿ ಅದನ್ನು ಬೇರೆಯೇ ತಿಳಿದಳು. ಅಪ್ಪ ತನ್ನ ಮೇಲಿನ ಸಿಟ್ಟಿಗೆ ಮರದ ಮುಖ ನೋಡುತ್ತಿಲ್ಲ ಎಂದುಕೊಂಡಳು. ನೆರಳಿಲ್ಲದೆ ಹೊರಗೆ ಬರಲು ಅವಮಾನ, ಆ ಅವಮಾನ ತಾನೇ ತಂದದ್ದು ಎಂದುಕೊಂಡಳು. ಅಪ್ಪನಿಗೆ ಅನ್ನ ಬಡಿಸುವಾಗ ಮಾತಾಡಿಸಲು ನೋಡುವಳು, ಅವರು ತಟ್ಟೆ ನೋಡಿಕೊಂಡು ಹೂಂ ಉಹೂಂ ಎನ್ನುವರು. ಅವರಿಗೆ ನಾಚಿಕೆ, ಇವಳಿಗೆ ಭಯ. ನಡುವೆ ನಾನು ಬಾಯಿಗೆ ಬೀಗ ಹಾಕಿಕೊಂಡು ಸಾರು ಕಲಸಿಕೊಳ್ಳುತ್ತಿದ್ದೆ.

ವೈಶಾಖದಲ್ಲಿ ಮರ ಚಿಗುರಿತು. ಮೊದಲು ನೋಡಿದವಳು ಗೌರಿ. ಬೀದಿಯ ಕಡೆಯ ಒಂದು ರೆಂಬೆಯ ತುದಿಯಲ್ಲಿ ತಿಳಿ ಹಸಿರಿನ ಎಲೆ, ನುಣ್ಣಗೆ, ಎಣ್ಣೆ ಸವರಿದ ಹಾಗೆ. ಅವಳು ಚಿಕ್ಕ ಹುಡುಗಿಯ ಹಾಗೆ ಒಳಗೆ ಓಡಿದಳು. "ಅಪ್ಪಾ, ಚಿಗುರು ಬಂದದೆ! ಬಾ, ಬಾರಪ್ಪಾ ನೋಡು ಬಾ!" ಮಾವ ಎದ್ದರು. ಅವರ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಎಂದೂ ಕಂಡಿರಲಿಲ್ಲ. ಬಾಗಿಲವರೆಗೆ ಬಂದರು. ಹೊರಗೆ ಸುಡು ಬಿಸಿಲು, ಮರದ ಕೆಳಗೆ ಅತ್ತೆ ನಿಂತಿದ್ದರು, ಬೀದಿಯಲ್ಲಿ ಹೈದರಣ್ಣ ನಿಂತಿದ್ದ. ಮಾವ ಹೊಸಿಲ ಮೇಲೆಯೇ ನಿಂತರು. "ಇಲ್ಲಿಂದಲೇ ಕಾಣ್ತದೆ ಬುಡವ್ವ" ಎಂದು ಹೇಳಿ ಒಳಗೆ ಹೋದರು. ಆ ರೆಂಬೆ ಹೊಸಿಲಿಂದ ಕಾಣುವುದಿಲ್ಲ. ಗೌರಿ ಬಿಸಿಲಲ್ಲಿ ಹಾಗೇ ನಿಂತುಬಿಟ್ಟಳು. "ಮರ ಕ್ಷಮಿಸ್ತು, ಅಪ್ಪ ಕ್ಷಮಿಸ್ಲಿಲ್ಲ" ಎಂದು ನನಗೆ ಹೇಳಿದಳು.

ನಾನು ಆ ಸಂಜೆ ಮಾವನ ಬಳಿ ಕೂತು, "ಹೇಳಿಬಿಡೋಣ ಮಾವ, ಅವಳು ಕೊರಗುತ್ತಿದ್ದಾಳೆ" ಎಂದೆ. "ಮಳೆ ಬರಲಿ, ನಾನೇ ಹೇಳ್ತೀನಿ" ಎಂದರು. ಮಳೆ ಬರಲಿಲ್ಲ. ಅದಾಗಿ ಒಂದು ವಾರ ಆಗಿರಬೇಕು, ಬೆಳಿಗ್ಗೆ ಸ್ನಾನ ಮಾಡಿ, ಉಪ್ಪಿಟ್ಟು ತಿಂದು, ಗೋಡೆಗೊರಗಿ ಕೂತವರು ಹಾಗೇ ಹೋಗಿಬಿಟ್ಟಿದ್ದರು. ನಾನು ಅತ್ತಿದ್ದು ನನಗೇ ಆಶ್ಚರ್ಯ. ಕಟ್ಟಿಕೊಂಡವಳ ಅಪ್ಪ ಎಂದುಕೊಂಡು ಬಂದವನಿಗೆ ಅವರು ಯಾವಾಗ ಅಪ್ಪನಾದರೋ ಗೊತ್ತಾಗಿರಲಿಲ್ಲ.

ಸುದ್ದಿ ತಿಳಿದು ಊರು ಬಂತು. ಬೇಸಿಗೆಯೆಲ್ಲ ನಮ್ಮ ಮನೆ ಕಡೆ ತಲೆ ಹಾಕದವರೂ ಬಂದರು. ಸಾವಿಗೆ ಬರದಿರುವಷ್ಟು ಕೆಟ್ಟವರು ಆ ಊರಲ್ಲಿ ಯಾರೂ ಇರಲಿಲ್ಲ. ಆದರೆ ಬಂದವರ ಕಣ್ಣಲ್ಲಿ ಬೇರೆಯೂ ಒಂದಿತ್ತು: ಊರಲ್ಲೇ ದಪ್ಪ ನೆರಳಿನ ಬೋರಲಿಂಗಯ್ಯ ಬಿಸಿಲಲ್ಲಿ ಹೇಗೆ ಕೂರುತ್ತಾನೆ? ಪ್ರತಿಯೊಬ್ಬರ ಕೈಯಲ್ಲೂ ಅವರವರ ಮನೆಯಿಂದ ತುಂಬಿ ತಂದ ಚೆಂಬು. ಗೌರಿ ಕುರ್ಚಿಯ ಹಿಂದೆ ನಿಂತಿದ್ದಳು, ಕಚ್ಚಿ ಕಚ್ಚಿ ಅವಳ ತುಟಿಯಲ್ಲಿ ರಕ್ತ ಬಂದಿತ್ತು. ಅತ್ತೆ ತಮ್ಮ ಹೊಸ ಸೀರೆಯೊಂದನ್ನು ಮಡಿಸಿ ಹಿಡಿದಿದ್ದರು, ಗಂಡನ ಮುಖದ ಮೇಲೆ ಬಿಸಿಲು ಬೀಳದಂತೆ ಹಿಡಿಯುವುದಕ್ಕೆ. ನಾನೂ ಮಂಚೇಗೌಡರ ಮಗನೂ ಮಾವನನ್ನು ಎತ್ತಿ ತಂದು ಕೂರಿಸಿದೆವು.

ಕೂರಿಸಿದ್ದೇ ತಡ, ನೆರಳು ಬಂದು ಅವರನ್ನು ಮುಚ್ಚಿತು. ತಲೆಯಿಂದ ಕಾಲವರೆಗೆ, ಹಾರದ ಬಣ್ಣ ಕಾಣದಷ್ಟು.

ಅತ್ತೆಯ ಕೈಯಿಂದ ಸೀರೆ ಜಾರಿ ಬಿತ್ತು. ಬದುಕಿದ್ದಾಗ ಒಂದು ದಿನವೂ ಗಂಡನನ್ನು ನೀನು ಎನ್ನದ ಹೆಂಗಸು ಅವರ ಮುಖದ ಹತ್ತಿರ ಬಾಗಿ, "ಕಳ್ಳ! ಹಾಕ್ತಿದ್ದೆ ಅಲ್ವಾ ನೀನು? ನನ್ನ ಕಣ್ಣು ತಪ್ಪಿಸಿ ಹಾಕ್ತಿದ್ದೆಯಲ್ಲೋ ಕಳ್ಳ!" ಎಂದರು. ಅಳುತ್ತಿದ್ದರು, ನಗುತ್ತಲೂ ಇದ್ದರು. ಆಮೇಲೆ ಮೊದಲ ಬಾರಿಗೆ ನನ್ನ ಕಡೆ ನೇರ ತಿರುಗಿ, "ನಿಮಗೆ ಗೊತ್ತಿತ್ತಾ?" ಎಂದು ಕೇಳಿದರು. ಗೊತ್ತಿತ್ತು ಎಂದೆ.

ಗೌರಿ ನನ್ನನ್ನೇ ನೋಡುತ್ತಿದ್ದಳು. "ಅದಕ್ಕಾ ಆಚೆ ಬರ್ತಿರಲಿಲ್ಲ? ನೆರಳು ಕಾಣ್ತದೆ ಅಂತ?"

"ಅದಕ್ಕೇ."

"ನನ್ನ ಮೇಲೆ ಸಿಟ್ಟಿರಲಿಲ್ವಾ?"

"ಇರಲಿಲ್ಲ ಗೌರಿ. ನಾಚಿಕೆ. ಚಿಗುರು ನೋಡಕ್ಕೆ ಅವರಿಗೆ ಎಷ್ಟು ಆಸೆಯಿತ್ತು ಅಂತ ನಾನು ನೋಡಿದೀನಿ."

ಅವಳು ಆಗ ಅತ್ತಳು. ಬೇಸಿಗೆಯೆಲ್ಲ ಅತ್ತದ್ದು ಬೇರೆ, ಇದು ಬೇರೆ.

ಅಷ್ಟರಲ್ಲಿ ಜನ ಚಲಿಸಿದರು. ನೆರಳು ತುಂಬಿದ ಸಾವು, ಇನ್ನು ಪದ್ಧತಿ ನಡೆಯಬೇಕಲ್ಲ. ಮಂಚೇಗೌಡರು ಮುಂದೆ, ಅವರ ಹಿಂದೆ ಹೈದರಣ್ಣ, ಅವನ ಹಿಂದೆ ಬೀದಿಯ ಕೊನೆಯವರೆಗೆ ಸಾಲು. ಒಬ್ಬೊಬ್ಬರೂ ಒಂದು ಚೆಂಬು ಹಾಕಿದರೂ ಸಾಕು, ಒಣಗಿಸಿದ ಮಣ್ಣು ಮತ್ತೆ ಕೆಸರು. ಚಿಗುರಿದ್ದು ನಾಲ್ಕೇ ರೆಂಬೆ. ಗೌರಿ ಕಣ್ಣೊರೆಸಿಕೊಂಡು ಬುಡದ ಬಳಿ ಹೋಗಿ ಕಾಂಡಕ್ಕೆ ಬೆನ್ನು ಕೊಟ್ಟು ನಿಂತಳು.

"ಯಾರೂ ಹಾಕ್ಬೇಡಿ" ಎಂದಳು. "ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮಪ್ಪನಿಗೆ ಬೇಕಾದಷ್ಟು ಅವನೇ ಕದ್ಕೊಂಡವ್ನೆ. ಮರ ಈಗಿನ್ನೂ ಉಸಿರು ಬಿಡ್ತಾ ಅದೆ. ಬೇಕಾದ್ರೆ ಬಯ್ಕೊಳಿ, ಹಾಕ್ಬೇಡಿ."

ಸತ್ತವರ ಮನೆಯಲ್ಲಿ ಚೆಂಬು ತಡೆಯುವುದೆಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಂಚೇಗೌಡರು ಚೆಂಬು ಹಿಡಿದುಕೊಂಡು ಅವಳ ಮುಂದೆ ನಿಂತರು. ತಲೆಯೆತ್ತಿ ಚಿಗುರಿನ ಕಡೆ ನೋಡಿದರು. ಆಮೇಲೆ ಮಾವನ ಕಡೆ ನೋಡಿ, "ಪಾಪಿ, ನನಗಾದ್ರೂ ಹೇಳ್ಬಾರ್ದಿತ್ತಾ ನೀನು" ಎಂದರು. ಬಗ್ಗಿ, ತುಂಬಿದ ಚೆಂಬನ್ನು ಒಂದು ಹನಿ ಚೆಲ್ಲದ ಹಾಗೆ ನೆಲದ ಮೇಲಿಟ್ಟರು. ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಲ್ಲಿ ನಿಂತರು. ಹೈದರಣ್ಣ ತನ್ನ ಚೆಂಬನ್ನು ಅದರ ಪಕ್ಕ ಇಟ್ಟ. ಅವನ ಹಿಂದಿನವರೂ ಇಟ್ಟರು. ಒಂದರ ಪಕ್ಕ ಒಂದು ಇಡುವಾಗ ತಾಮ್ರಕ್ಕೆ ತಾಮ್ರ ತಾಗುವ ಸದ್ದು ಕೇಳಿಸುತ್ತಿತ್ತು.

ಅಷ್ಟು ಜನ ಮರದ ಕೆಳಗೆ ಬಿಸಿಲಲ್ಲಿ ಬೆವರುತ್ತ ನಿಂತಿದ್ದೆವು, ಅವರೊಬ್ಬರು ನೆರಳಲ್ಲಿ ಕೂತಿದ್ದರು. ಗೌರಿ ಬಂದು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತು, ಅವರ ಮಂಡಿಯ ಮೇಲೆ ಕೈಯಿಟ್ಟಳು. ಅವಳ ಕೈಗೆ ಬಿಸಿಲು, ಅವರ ಮಂಡಿಗೆ ನೆರಳು. ಎತ್ತುವ ಹೊತ್ತಾಯಿತು ಎಂದು ನಾವು ಹೇಳುವ ತನಕ ಅವಳು ಆ ಕೈ ತೆಗೆಯಲಿಲ್ಲ.